ಟೆಂಟ್ ಸರಿ, ಇಂಜೆಕ್ಷನ್ ತಪ್ಪು?

ಮಾನ್ಯರೇ,

ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಬಂದಾಗಲೆಲ್ಲ ಕ್ರೀಡಾಪುಟದಲ್ಲಿ ಸವಾರರನ್ನು 'ಮದ್ದು ತಗೊಂಡವರು', 'ತಗೊಳ್ಳದವರು' ಎಂದು ಎರಡೇ ಸಾಲಿನಲ್ಲಿ ನಿಲ್ಲಿಸುತ್ತೀರಿ. ರಕ್ತ ಪರೀಕ್ಷೆ ಮಾಡಿಯೇ ಹೊಟ್ಟೆ ಹೊರೆಯುವ ನನಗೆ ಅದು ಅಷ್ಟು ಸಲೀಸು ಅನ್ನಿಸುವುದಿಲ್ಲ.

ಪಿಸಿವಿ ಎಷ್ಟೆಂದು ಈಗ ಮೆಷಿನ್ನೇ ಹೇಳುತ್ತದೆ. ಮೊದಲು ಸಪೂರ ಗಾಜಿನ ಕೊಳವೆಗೆ ರಕ್ತ ತುಂಬಿ, ಒಂದು ತುದಿ ಮುಚ್ಚಿ ಗರಗರ ತಿರುಗಿಸುತ್ತಿದ್ದೆವು. ಕೆಂಪು ಕೆಳಗೆ, ತಿಳಿಹಳದಿ ನೀರು ಮೇಲೆ. ನೂರರಲ್ಲಿ ಕೆಂಪು ಎಷ್ಟೋ ಅದೇ ಪಿಸಿವಿ. ಕೆಂಪು ಕಣ ಜಾಸ್ತಿಯಾದರೆ ಕಾಲಿಗೆ ಆಮ್ಲಜನಕವೂ ಜಾಸ್ತಿ. 1990ರ ದಶಕದಲ್ಲಿ ಸವಾರರು ಇಪಿಒ, ಅಂದರೆ ಕೆಂಪು ಕಣ ಹೆಚ್ಚಿಸುವ ಹಾರ್ಮೋನು, ಚುಚ್ಚಿಸಿಕೊಂಡಿದ್ದು ಇದಕ್ಕೇ. ಅದನ್ನು ಹಿಡಿಯುವ ಪರೀಕ್ಷೆ ಆಗ ಇರಲಿಲ್ಲ. 1997ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಗಂಡಸರ ಪಿಸಿವಿಗೆ ಶೇ 50ರ ಗೆರೆ ಎಳೆಯಿತು. ದಾಟಿದರೆ ಆರೋಗ್ಯದ ಹೆಸರಿನಲ್ಲಿ 15 ದಿನ ರಜೆ, ಅಷ್ಟೇ. 1999ರ ಜಿರೊ ಡಿ ಇಟಾಲಿಯಾ ರೇಸಿನಲ್ಲಿ ಮುಂದಿದ್ದ ಮಾರ್ಕೊ ಪಂತಾನಿ ಮನೆಗೆ ಹೋಗಿದ್ದು ಹೀಗೆ. ಉಳಿದವರಿಗೆ 49ರವರೆಗೆ ಪರವಾನಗಿ ಸಿಕ್ಕ ಹಾಗಾಯಿತು. ಒಂದು ಬಾಟಲಿ ಸಲೈನ್ ಏರಿಸಿದರೆ ಅಂಕಿ ಇಳಿಯುತ್ತದೆ, ನಮ್ಮ ಲ್ಯಾಬಿಗೆ ಹೊಸದಾಗಿ ಬಂದ ಹುಡುಗನಿಗೂ ಇದು ಗೊತ್ತು.

ಈಗಿನದು ಇನ್ನೂ ಗೋಜಲು. ಸ್ಪೇನಿನ ಟೆನೆರೀಫ್ ದ್ವೀಪದ ಟೇಯ್ದೆ ಬೆಟ್ಟದಲ್ಲಿ, 2,000 ಮೀಟರಿಗೂ ಮೇಲಿನ ಆಮ್ಲಜನಕ ಕಡಿಮೆಯ ಗಾಳಿಯಲ್ಲಿ ವಾರಗಟ್ಟಲೆ ಇದ್ದರೆ ಮೈಯೇ ಇಪಿಒ ಹೆಚ್ಚಿಸಿಕೊಳ್ಳುತ್ತದೆ. ಅದು ಸರಿ. ಅಂಥದ್ದೇ ಗಾಳಿಯ ಟೆಂಟಿನಲ್ಲಿ ಮನೆಯಲ್ಲೇ ಮಲಗಿದರೂ ಸರಿಯಂತೆ. ನಿಷೇಧಿಸೋಣವೇ ಎಂದು 2006ರಲ್ಲಿ ಕ್ರೀಡೆಯಲ್ಲಿ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾ ಚರ್ಚಿಸಿ ಕೈಬಿಟ್ಟಿತು. ಇನ್ನು 2024ರ ಟೂರ್ ವೇಳೆ ಕೆಲವು ತಂಡಗಳು ಕಾರ್ಬನ್ ಮಾನಾಕ್ಸೈಡ್ ಉಸಿರಾಡಿಸುವ ಯಂತ್ರ ಬಳಸುತ್ತಿದ್ದುದು ಸುದ್ದಿಯಾಯಿತು. ಹಿಮೋಗ್ಲೋಬಿನ್ ಅಳೆಯೋಕೆ ಅಂದರು. ಅಳೆಯಬಹುದು, ಸುಳ್ಳಲ್ಲ. ಆದರೆ ಪದೇ ಪದೇ ಸೇದಿದರೆ ಅದೇ ಹಿಮೋಗ್ಲೋಬಿನ್ ಏರಲೂಬಹುದು, ಅಲ್ವಾ? 2025ರ ಫೆಬ್ರುವರಿಯಲ್ಲಿ ಯುಸಿಐ ಪದೇ ಪದೇ ಸೇದುವುದನ್ನು ನಿಲ್ಲಿಸಿ, ಅಳತೆಗೆ ಮಾತ್ರ ಬಿಟ್ಟಿತು.

ನಮ್ಮ ವಿಜಯಪುರದಲ್ಲಿ ಸೈಕಲ್ ಹುಚ್ಚು ಹಳೆಯದು. ಬೆಳಿಗ್ಗೆ ಪ್ರಾಕ್ಟೀಸ್ ಮುಗಿಸಿದ ಹುಡುಗರು ಬೆವರು ಆರುವ ಮೊದಲೇ ಲ್ಯಾಬಿಗೆ ಬಂದು ಹಿಮೋಗ್ಲೋಬಿನ್ ನೋಡಿಸಿಕೊಳ್ಳುತ್ತಾರೆ. 'ಅಣ್ಣಾರ, ಇದನ್ನ ಏರಸೂದು ಹೆಂಗ್ರಿ?' ಅನ್ನುತ್ತಾರೆ. ಪುಂಡಿಪಲ್ಯ, ಶೇಂಗಾ ಉಂಡಿ ತಿನ್ರಿ ಅನ್ನುತ್ತೇನೆ. ಅವರು ಮೊಬೈಲಿನಲ್ಲಿ ಟೆಂಟಿನ ಫೋಟೊ ತೋರಿಸುತ್ತಾರೆ.

ಸವಾರರ ರಕ್ತದ ಅಂಕಿ ಬಯಲು ಮಾಡಿ ಎಂದು ನಾನು ಕೇಳಲಾರೆ. ಒಬ್ಬರ ರಿಪೋರ್ಟ್ ಇನ್ನೊಬ್ಬರ ಕೈಗೆ ಕೊಡದ ಕೆಲಸ ನನ್ನದು. ಆದರೆ ಯಾವ ತಂಡ ಟೆಂಟ್ ಬಳಸುತ್ತದೆ, ಯಾವುದು ಗ್ಯಾಸ್ ತರಿಸುತ್ತದೆ ಎಂಬ ಪಟ್ಟಿಯನ್ನು ಯುಸಿಐ ರೇಸಿಗೆ ಮೊದಲೇ ಹೊರಹಾಕಲಿ. ಹಾಕಿದರೆ, ಯಾರು ಎಷ್ಟು ಸೆಕೆಂಡಿನಲ್ಲಿ ಗೆದ್ದರೆಂಬ ಸುದ್ದಿಯ ಪಕ್ಕದಲ್ಲೇ ಅದನ್ನೂ ನೀವು ಅಚ್ಚು ಮಾಡಿ.

— ಒಬ್ಬ ಲ್ಯಾಬ್ ಟೆಕ್ನಿಷಿಯನ್, ವಿಜಯಪುರ