ಒಂದು ಮೊಳ ಅಂದರೆ ಒಂದು ಸೆಕೆಂಡು

ಶುಕ್ರವಾರ ಬಿಡುಗಡೆಯಾದದ್ದು ನನ್ನ ಸಂಕಲನದ 25ನೇ ಚಿತ್ರ. ಅದರಲ್ಲಿ ಹದಿನೇಳು ದೆವ್ವ, ಕೊಲೆ, ಸಸ್ಪೆನ್ಸಿನವೇ. ಹಾರೈಸಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಬರೆಯುವಷ್ಟು ಬಲಗೈ ಇನ್ನೂ ಸುಧಾರಿಸಿಲ್ಲ. ಎಲ್ಲರಿಗೂ ಸೇರಿ ಇದೊಂದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕುತ್ತಿಗೆಯ ಡಿಸ್ಕ್ ಜಾರಿ, ನರ ಒತ್ತಿ, ಹೆಬ್ಬೆರಳು ತೋರುಬೆರಳು ಮರಗಟ್ಟಿದವು. ಇಷ್ಟು ವರ್ಷ ಕತ್ತಲೆ ರೂಮಿನಲ್ಲಿ ಕತ್ತು ಚಾಚಿ ಕೂತದ್ದಕ್ಕೆ ಸಿಕ್ಕ ಬಹುಮಾನ. ಆಪರೇಷನ್ ಆಗಿ ನಾಲ್ಕು ತಿಂಗಳು ಮನೆಯಲ್ಲಿದ್ದೆ. ಒಬ್ಬ ನಿರ್ಮಾಪಕರು ನನಗೊಂದು ಮಾತೂ ಹೇಳದೆ ಬೇರೆ ಎಡಿಟರನ್ನು ನೋಡಿಕೊಂಡರು, ಇರಲಿ. ಈ ಚಿತ್ರದವರು ಮಾತ್ರ ಕಾದರು. ಅವರಿಗೆ ಮೊದಲ ನಮಸ್ಕಾರ.

ಆಮೇಲಿನದು ಗುರುಗಳಿಗೆ. ಈಗ ಅವರಿಲ್ಲ. 1999ರಲ್ಲಿ ನಾನು ಅಸಿಸ್ಟೆಂಟ್ ಆಗಿ ಸೇರಿದಾಗ ನಮ್ಮಲ್ಲಿನ್ನೂ ಫಿಲ್ಮಿಗೇ ಕತ್ತರಿ. 35 ಎಂ.ಎಂ. ಫಿಲ್ಮಿನಲ್ಲಿ ಅಡಿಗೆ 16 ಫ್ರೇಮ್ (ಒಂದೊಂದು ಬಿಡಿ ಚಿತ್ರ), ತೆರೆಯ ಮೇಲೆ ಸೆಕೆಂಡಿಗೆ 24. ಹಾಗಾಗಿ ಸೆಕೆಂಡಿಗೆ ಒಂದೂವರೆ ಅಡಿ, ಅಂದರೆ ಸರಿಯಾಗಿ ಒಂದು ಮೊಳ! ಗುರುಗಳು ಹೂವಾಡಗಿತ್ತಿಯ ಹಾಗೆ ಮೊಣಕೈಯಿಂದ ನಡುಬೆರಳ ತುದಿಗೆ ಫಿಲ್ಮ್ ಎಳೆದು, "ಬಾಗಿಲು ತೆಗೆಯೋಕೆ ಮುಂಚೆ ಮೂರು ಮೊಳ ಕತ್ತಲೆ ಬಿಡೋ" ಅನ್ನುತ್ತಿದ್ದರು.

1975ರ ಹಾಲಿವುಡ್ ಸಿನಿಮಾ 'ಜಾಸ್' ಕಥೆ ಹೇಳಿದವರೂ ಅವರೇ. ಯಂತ್ರದ ಶಾರ್ಕ್ ಸಮುದ್ರದ ನೀರಿಗೆ ಪದೇಪದೇ ಕೆಟ್ಟು ನಿಲ್ಲುತ್ತಿತ್ತಂತೆ. ಶಾರ್ಕ್ ಕಾಣಿಸದೆಯೇ ಜನರನ್ನು ಬೆಚ್ಚಿಬೀಳಿಸಿದ ಎಡಿಟರ್ ವರ್ನಾ ಫೀಲ್ಡ್ಸ್‌ಗೆ ಆಸ್ಕರ್ ಬಂತು. "ನಮ್ಮ ದೆವ್ವದ ಮೇಕಪ್ಪೂ ಅಷ್ಟೇ ಕಣೋ, ತೋರಿಸದಿದ್ದಷ್ಟೂ ಕ್ಷೇಮ." ನಾನು ಹೊಟ್ಟೆ ಹೊರೆದದ್ದು ಈ ಒಂದು ಮಾತಿನ ಮೇಲೆ.

ಮೂರನೆಯದು ಗಾಂಧಿನಗರದ ಪ್ರೇಕ್ಷಕರಿಗೆ. ಈಗ ನೆಲಸಮವಾಗಿರುವ ಕಪಾಲಿ ಥಿಯೇಟರಿನಲ್ಲಿ ಬಾಗಿಲ ಪಕ್ಕ ನಿಂತು, ತೆರೆಗೆ ಬೆನ್ನು ಹಾಕಿ ಜನರ ಮುಖ ನೋಡುತ್ತಿದ್ದೆ. ಕಡಲೆಕಾಯಿ ಪೊಟ್ಟಣಕ್ಕೆ ಇಳಿದ ಕೈ ಅಲ್ಲೇ ನಿಂತರೆ ಕಟ್ ಸರಿ ಬಿದ್ದಿದೆ ಅಂತ. ಬಾಯಿಗೆ ಹೋದರೆ ತಪ್ಪು ನನ್ನದು.

ಸೌಂಡ್ ಡಿಸೈನರ್ ಗೆಳೆಯರೇ, ಅರ್ಧ ಭಯ ನಿಮ್ಮದು. ಹೆಸರು ಮಾತ್ರ ನನಗೆ. ಮನೆಯಾಕೆ ದೆವ್ವದ ಸಿನಿಮಾ ನೋಡುವುದೇ ಇಲ್ಲ, ಆದರೂ ನಾಲ್ಕು ತಿಂಗಳು ಅನ್ನ ಕಲಸಿ ಕೊಟ್ಟಿದ್ದಾಳೆ.

ಕೊನೆಗೆ ನನ್ನ ಅಸಿಸ್ಟೆಂಟ್ ಹುಡುಗಿ. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ನಾನು ಹಿಂದೆ ಕೂರುತ್ತಿದ್ದೆ, ಮೌಸ್ ಅವಳ ಕೈಯಲ್ಲಿ. "ಇನ್ನೆರಡು ಫ್ರೇಮ್... ಇನ್ನೊಂದು... ನಿಲ್ಲಿಸಮ್ಮ." ಇಡೀ ಸಿನಿಮಾ ಹೀಗೇ ಮುಗಿಯಿತು. ಬಾವಿಯ ದೃಶ್ಯದಲ್ಲಿ ಮಾತ್ರ ನಾನು ಹೇಳುವ ಮುಂಚೆಯೇ ಅವಳು ನಿಲ್ಲಿಸಿದಳು. "ಸರ್, ಇಲ್ಲಿ ನಿಮ್ಮದು ಲೇಟಾಯ್ತು" ಅಂದಳು. ರೇಗಿದೆ. ಮಾರನೇ ದಿನ ಎರಡನ್ನೂ ಹಾಕಿ ನೋಡಿದೆ. ಥಿಯೇಟರಿನಲ್ಲಿ ನೀವು ಕಿರುಚಿದ್ದು ಅವಳ ಕಟ್‌ಗೆ.

ಅವಳು ಫಿಲ್ಮ್ ಮುಟ್ಟಿದವಳೇ ಅಲ್ಲ. ಮೊನ್ನೆ ಹಳೇ ಡಬ್ಬಿಯಿಂದ ಒಂದು ತುಂಡು ತೆಗೆದು ಅವಳ ಮೊಣಕೈಯಿಂದ ಅಳೆದು ಎಣಿಸಿದೆ. ನನ್ನ ಮೊಳಕ್ಕೆ 24 ಫ್ರೇಮ್, ಅವಳದಕ್ಕೆ 22. ಅದಕ್ಕೇ ಇರಬೇಕು, ಅವಳ ಕಟ್ ನನ್ನದಕ್ಕಿಂತ ಎರಡು ಫ್ರೇಮ್ ಮುಂಚೆ ಬೀಳೋದು.