ತಲೆಯ ಮೇಲೆ ಎಂಜಿನ್

ವೂಸ್ಟರ್, ಮ್ಯಾಸಚೂಸೆಟ್ಸ್

ಅಪ್ಪಾಜಿಯವರಿಗೆ ನಮಸ್ಕಾರಗಳು. ನಾವಿಬ್ಬರೂ ಕ್ಷೇಮ. ದಾವಣಗೆರೆಯ ಬಿಸಿಲಿಗೆ ಅಮ್ಮ ಹೇಗಿದ್ದಾರೆ?

ದ್ರವ ಇಂಧನದ ಮೊದಲ ರಾಕೆಟ್ ಹಾರಿಸಿದ ಗಾಡರ್ಡ್, ಆ ರಾಕೆಟ್ಟಿನ ಜೊತೆಗಿರುವ ಫೋಟೊ ನೋಡಿ, "ಎಂಜಿನ್ ಮೇಲಿಟ್ಟರೆ ಬೆಂಕಿ ಟ್ಯಾಂಕಿನ ಮೇಲೇ ಬೀಳಲ್ವಾ?" ಎಂದಿರಿ. ಬೀಳುತ್ತದೆ. ಅದಕ್ಕೇ ಟ್ಯಾಂಕಿನ ನೆತ್ತಿಗೆ ಕಲ್ನಾರು ಹೊದಿಸಿದ ಶಂಕುವಿನಾಕಾರದ ಟೋಪಿ ಇತ್ತು.

ರಾಬರ್ಟ್ ಗಾಡರ್ಡ್ 1882ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಆ ರಾಕೆಟ್ ಹಾರಿಸಿದ್ದು ಪಕ್ಕದ ಆಬರ್ನ್‌ನ ಹೊಲದಲ್ಲಿ, 1926ರ ಮಾರ್ಚ್ 16ರಂದು. ಪೆಟ್ರೋಲ್ ಒಂದು ಟ್ಯಾಂಕಿನಲ್ಲಿ, ಮೈನಸ್ 183 ಡಿಗ್ರಿಯಲ್ಲಿ ಕುದಿಯುವ ದ್ರವ ಆಮ್ಲಜನಕ ಇನ್ನೊಂದರಲ್ಲಿ. ಪಂಪಿಲ್ಲ, ನಮ್ಮ ಹಳೇ ಸೀಮೆಎಣ್ಣೆ ಸ್ಟೌವಿನಂತೆ ಒತ್ತಡವೇ ಎರಡನ್ನೂ ಮೇಲಕ್ಕೆ ದೂಡಬೇಕು. ನೆಲದ ಮೇಲಿರುವಾಗ ಆ ಒತ್ತಡ ಹೊರಗಿನ ಸಿಲಿಂಡರಿನದು, ಹಾರಿದ ಮೇಲೆ ಪುಟ್ಟ ಸ್ಪಿರಿಟ್ ಒಲೆಯ ಕಾವಿಗೆ ಆವಿಯಾದ ಆಮ್ಲಜನಕದ್ದು. ಎರಡು ಉದ್ದ ಕೊಳವೆಗಳೇ ಇಂಧನದ ದಾರಿ, ಅವೇ ಚೌಕಟ್ಟು. ನೀವಾದರೆ ಅದಕ್ಕೊಂದು ಅಡ್ಡಪಟ್ಟಿ ಹಾಕದೆ ಬಿಡುತ್ತಿರಲಿಲ್ಲ!

ಹೊತ್ತಿಸಿದ ತಕ್ಷಣ ಅದು ಏಳಲಿಲ್ಲ. ನೂಕುಬಲಕ್ಕಿಂತ ತೂಕವೇ ಹೆಚ್ಚು. ಸುಮಾರು 20 ಸೆಕೆಂಡು ಇಂಧನ ಉರಿದು ಹಗುರಾದ ಮೇಲೆ ಎದ್ದಿತು. ಅಷ್ಟರಲ್ಲಿ ನಾಜಲಿನ, ಅಂದರೆ ಉರಿ ಹೊರಬರುವ ಮೂತಿಯ, ಕೆಳಗಿನ ಅರ್ಧ ಸುಟ್ಟುಹೋಗಿತ್ತು. ಎರಡೂವರೆ ಸೆಕೆಂಡಿನ ಹಾರಾಟ, 41 ಅಡಿ ಎತ್ತರ, ಬಿದ್ದದ್ದು 184 ಅಡಿ ದೂರ.

ಎಂಜಿನ್ ಮೇಲಿಟ್ಟದ್ದಕ್ಕೆ ಕಾರಣ, ಮುಂದಿನಿಂದ ಎಳೆದರೆ ನೆಟ್ಟಗೆ ಹೋಗುತ್ತದೆಂಬ ಎಣಿಕೆ. ಎತ್ತು ಗಾಡಿ ಎಳೆದಂತೆ. ಆದರೆ ಎತ್ತು ತಾನೇ ದಾರಿ ಹಿಡಿಯುತ್ತದೆ. ಇಲ್ಲಿ ಎಂಜಿನ್ ಚೌಕಟ್ಟಿಗೇ ಬಿಗಿದಿದೆ. ಚೌಕಟ್ಟು ವಾಲಿದರೆ ನೂಕುವ ದಿಕ್ಕೂ ವಾಲುತ್ತದೆ, ನೆಟ್ಟಗೆ ಮಾಡುವವರೇ ಇಲ್ಲ. ಹೈಸ್ಕೂಲ್ ಮೈದಾನದ ಅಂಗಡಿಯಿಂದ ತರುವ ದೀಪಾವಳಿ ರಾಕೆಟ್ಟಿಗೂ ಮದ್ದು ಮೇಲೇ ಇದೆಯಲ್ಲ ಎನ್ನುತ್ತೀರಿ. ಅದನ್ನು ಕಾಯುವುದು ಗಾಳಿಗೆ ಸಿಕ್ಕ ಕಡ್ಡಿ. ವೇಗವಿಲ್ಲದಾಗ ಕಡ್ಡಿಯೂ ದಂಡ, ಅದಕ್ಕೇ ಬಾಟಲಿಯ ಆಸರೆ.

ಗಾಡರ್ಡ್ ಆಮೇಲೆ ಎಂಜಿನ್ ಕೆಳಗಿಳಿಸಿದರು. ದಾರಿ ತಿದ್ದಲು ಗೈರೊಸ್ಕೋಪ್ (ವಾಲಿದ್ದನ್ನು ಗುರುತಿಸುವ ತಿರುಗುಚಕ್ರ) ಇಟ್ಟು, ಅದರ ಮಾತಿನಂತೆ ಉರಿಯ ಧಾರೆಯೊಳಗೇ ತಿರುಗುವ ರೆಕ್ಕೆ ಕೂರಿಸಿದರು. 1935ರ ಮಾರ್ಚ್ 28ರಂದು ನ್ಯೂ ಮೆಕ್ಸಿಕೊದ ರಾಸ್ವೆಲ್‌ನಲ್ಲಿ ಅಂಥದ್ದು 4,800 ಅಡಿ ಏರಿತು. ನನ್ನ ಲೆಕ್ಕಕ್ಕೆ ಅವರ ದೊಡ್ಡ ಕೆಲಸ ಇದೇ, ಆ 41 ಅಡಿಯಲ್ಲ.

ಪುಟ್ಟನ ನೀರಿನ ಬಾಟಲಿ ರಾಕೆಟ್ಟಿಗೆ: ನೀರು ಮೂರನೇ ಒಂದು ಪಾಲು ಸಾಕು. ರೆಕ್ಕೆ ಬಾಲಕ್ಕೆ, ಜೇಡಿಮಣ್ಣಿನ ಉಂಡೆ ಮೂಗಿಗೆ. ನೀರು ತುಂಬುವ ಮುಂಚೆ, ಸಮತೂಗುವ ಜಾಗದಲ್ಲಿ ದಾರ ಕಟ್ಟಿ ತಲೆ ಸುತ್ತ ತಿರುಗಿಸಲಿ. ಮೂಗು ಮುಂದಾಗಿ ಹೋಗದಿದ್ದರೆ ಇನ್ನಷ್ಟು ಮಣ್ಣು ಹಾಕಲಿ.

ನಿಮ್ಮ ಮಗ