ಕೋಟಿನ ಆಲ್ಟರೇಷನ್ ಬಗ್ಗೆ ನಮ್ಮ ಗ್ರಾಹಕರಿಗೆ

ಆತ್ಮೀಯರೇ, ನಮಸ್ಕಾರ.

ಬರುವ ಬಲಿಪಾಡ್ಯಮಿಯಿಂದ ನಮ್ಮಲ್ಲಿ ರೆಡಿಮೇಡ್ ಕೋಟುಗಳ ಆಲ್ಟರೇಷನ್‌ಗೆ ಒಂದೇ ದರ ಇರುವುದಿಲ್ಲ. ಬೆಳಿಗ್ಗೆ ಕೊಟ್ಟು ಸಂಜೆ ಒಯ್ಯುವ ರೂಢಿಯೂ ನಿಲ್ಲುತ್ತದೆ. ಕೋಟನ್ನು ನಿಮ್ಮ ಮೈಮೇಲೆ ನೋಡಿದ ನಂತರವೇ ಕೆಲಸ ಎಷ್ಟಿದೆ, ಮಜೂರಿ ಎಷ್ಟಾಗುತ್ತದೆ, ಯಾವ ದಿನ ಸಿಗುತ್ತದೆ ಎಂದು ಹೇಳುತ್ತೇವೆ. ತೋಳು ಗಿಡ್ಡ ಮಾಡಲು 250 ರೂಪಾಯಿಯಿಂದ, ನಡು ಹಿಡಿಸಲು 400 ರೂಪಾಯಿಯಿಂದ ಶುರು. ಭುಜದ ಕೆಲಸವನ್ನು ಇನ್ನು ಮುಂದೆ ಅಪರೂಪಕ್ಕೆ ಮಾತ್ರ ಒಪ್ಪಿಕೊಳ್ಳುತ್ತೇವೆ. ನಾವೇ ಹೊಲಿದುಕೊಟ್ಟ ಕೋಟುಗಳಿಗೆ ಇದು ಯಾವುದೂ ಅನ್ವಯಿಸುವುದಿಲ್ಲ. ಎಷ್ಟೇ ಹಳೆಯದಿರಲಿ, ತನ್ನಿ, ಮೊದಲಿನ ದರದಲ್ಲೇ ಮಾಡಿಕೊಡುತ್ತೇವೆ.

ಇದರಿಂದ ನಿಮಗೆ ಒಂದೆರಡು ಸಲ ಹೆಚ್ಚು ಓಡಾಟವಾಗುತ್ತದೆ. ಧಾರವಾಡದಿಂದ ಚಿಗರಿ ಬಸ್ ಹತ್ತಿ, ದುರ್ಗದಬೈಲಿನ ಗದ್ದಲ ದಾಟಿಕೊಂಡು ಬರುವವರಿಗೆ ಇದು ತ್ರಾಸೇ. ಅದಕ್ಕಾಗಿ ಕ್ಷಮೆ ಕೇಳುತ್ತೇವೆ. ದರಕ್ಕಾಗಿ ಮಾತ್ರ ಕೇಳುವುದಿಲ್ಲ. ಏಕೆಂದು ಮುಂದೆ ಓದಿ.

‘ಈಗ ಕರೆಂಟ್ ಪುಕ್ಕಟೆಯಲ್ಲವೇ, ಮತ್ತೇಕೆ ಏರಿಸುತ್ತೀರಿ?’ ಎಂದು ನಗುತ್ತಲೇ ಕೇಳುವವರಿದ್ದಾರೆ. ಗೃಹಜ್ಯೋತಿ ಮನೆಗಳಿಗೆ ಸಿಕ್ಕಿದ ಸೌಲಭ್ಯ. ಅಂಗಡಿಯ ಮೀಟರಿಗೆ ವಾಣಿಜ್ಯ ದರವೇ, ಅದರಲ್ಲೂ ಉಗಿ ಇಸ್ತ್ರಿ ಎಂಥ ಹೊಟ್ಟೆಬಾಕ ಎಂಬುದು ಬಿಲ್ ಕಟ್ಟುವವರಿಗೇ ಗೊತ್ತು. ಬಾಡಿಗೆಯ ಮಾತು ಬೇಡ, ಪೇಟೆಯಲ್ಲಿ ಅಂಗಡಿ ಇರುವ ಎಲ್ಲರದೂ ಅದೇ ಪಾಡು. ನಿಜವಾದ ಸಂಕಟ ಕಾರಿಗರರದ್ದು. ಶರ್ಟು, ಪ್ಯಾಂಟು ಹೊಲಿಯುವವರು ಹುಡುಕಿದರೆ ಸಿಗುತ್ತಾರೆ. ಕೋಟಿಗೆ ಕೈ ಹಾಕುವವರು ಸಿಗುವುದಿಲ್ಲ. ಕಲಿಯಲು ವರ್ಷಗಟ್ಟಲೆ ಬೇಕು, ಹುಡುಗರಿಗೆ ಅಷ್ಟು ತಾಳ್ಮೆ ಇಲ್ಲ. ಇದ್ದವರು ಬೆಂಗಳೂರಿನ ಗಾರ್ಮೆಂಟ್ಸ್ ಕಡೆ ಹೊರಡುತ್ತಾರೆ. ಇರುವವರ ಪಗಾರದಲ್ಲಿ ಕೈ ಹಿಡಿದು ನಿಮಗೆ ಅಗ್ಗ ಮಾಡಿಕೊಡಲು ನಮ್ಮಿಂದಾಗದು.

ಇನ್ನು, ಕೌಂಟರಿನ ಮುಂದೆ ನಾವು ಮತ್ತೆ ಮತ್ತೆ ಕೇಳಿಸಿಕೊಳ್ಳುವ ಮಾತು: ‘ಕೋಟನ್ನೇ ಮೊಬೈಲಿನಲ್ಲಿ ಎರಡು ಸಾವಿರಕ್ಕೆ ತರಿಸಿದ್ದೇನೆ, ಒಂದು ಹೊಲಿಗೆ ಹಾಕಲು ಇಷ್ಟೇಕೆ?’

ಕೋಟಿನಲ್ಲಿ ಒಂದು ಹೊಲಿಗೆ ಎಂಬುದೇ ಇಲ್ಲ. ಶರ್ಟಿನ ಬಗಲು ಹಿಡಿಸುವುದೆಂದರೆ ತಿರುವಿ ಹಾಕಿ ಮಷಿನ್ನಿನ ಮೇಲೆ ಒಂದು ಓಟ ಓಡಿಸಿದರಾಯಿತು. ಕೋಟಿಗೆ ಒಳಗೆ ಅಸ್ತರು ಇದೆ, ಹೊರಗೆ ಬಟ್ಟೆ ಇದೆ, ನಡುವೆ ಎದೆಯ ಭಾಗಕ್ಕೆ ಆಕಾರ ನಿಲ್ಲಿಸುವ ಗಟ್ಟಿ ಬಟ್ಟೆ, ಅಂದರೆ ಕ್ಯಾನ್ವಾಸ್ ಅಥವಾ ಅಂಟಿನ ಬಕ್ರಂ ಇದೆ. ಇದೆಲ್ಲ ಮುಚ್ಚಿದ ಚೀಲ. ಸಾಮಾನ್ಯವಾಗಿ ತೋಳಿನ ಅಸ್ತರಿನಲ್ಲಿ ಒಂದು ಗೇಣು ಹೊಲಿಗೆ ಬಿಚ್ಚಿ, ಅದೇ ಸಂದಿಯಿಂದ ಇಡೀ ಕೋಟಿನ ಒಳಮೈಯನ್ನು ಹೊರಗೆ ಎಳೆದುಕೊಳ್ಳುತ್ತೇವೆ. ಆಮೇಲೆ ಬೆನ್ನಿನ ನಡುಹೊಲಿಗೆ, ಎರಡೂ ಮಗ್ಗುಲಿನ ಹೊಲಿಗೆ ಬಿಚ್ಚಿ, ಕಚ್ಚಾ ದಾರ ಹಾಕಿ, ನಿಮಗೆ ತೊಡಿಸಿ ನೋಡಿ, ಪಕ್ಕಾ ಹೊಲಿಗೆ ಹಾಕಿ, ಅಸ್ತರನ್ನೂ ಅಷ್ಟೇ ಕಿರಿದು ಮಾಡಿ, ಮತ್ತೆ ಅದೇ ಸಂದಿಯಿಂದ ತಿರುವಿ, ಕೊನೆಗೆ ಆ ಬಾಯಿಯನ್ನು ಮುಚ್ಚುತ್ತೇವೆ. ಬಟ್ಟೆ ಕಿರಿದಾಗಿ ಅಸ್ತರು ಹಾಗೇ ಉಳಿದರೆ ಒಳಗೆ ಮುದ್ದೆ ಕಟ್ಟುತ್ತದೆ. ಅಸ್ತರೇ ಬಿಗಿಯಾದರೆ ಕೈ ಎತ್ತಿದಾಗ ಬಗಲಲ್ಲಿ ಹರಿಯುತ್ತದೆ.

ಕೋಟು ಅಗ್ಗವಾದಷ್ಟೂ ಕೆಲಸ ಕಷ್ಟ, ಇದನ್ನು ಯಾರೂ ನಂಬುವುದಿಲ್ಲ. ಅಗ್ಗದ ಕೋಟಿನಲ್ಲಿ ಬಕ್ರಂ ಅಂಟಿಸಿರುತ್ತಾರೆ. ಇಸ್ತ್ರಿಯ ಕಾವು ಸ್ವಲ್ಪ ಹೆಚ್ಚಾದರೆ ಅಂಟು ಬಿಟ್ಟು ಎದೆಯ ಮೇಲೆ ಗುಳ್ಳೆ ಏಳುತ್ತವೆ, ಎದ್ದ ಗುಳ್ಳೆಗೆ ಮದ್ದಿಲ್ಲ. ಹೊಲಿಗೆಯೊಳಗೆ ಮಾರ್ಜಿನ್ ಕೂಡ ಅರ್ಧ ಇಂಚಿಗಿಂತ ಕಡಿಮೆ ಬಿಟ್ಟಿರುತ್ತಾರೆ. ಬಿಗಿಯಾದ ಕೋಟನ್ನು ಸಡಿಲ ಮಾಡಿಕೊಡಿ ಎಂದರೆ ಬಟ್ಟೆಯನ್ನು ಎಲ್ಲಿಂದ ತರುವುದು? ಬಿಟ್ಟರೂ ಹಳೆಯ ಸೂಜಿಯ ತೂತುಗಳು ಸಾಲಾಗಿ ಕಾಣುತ್ತವೆ.

ನಡುವನ್ನು ಒಟ್ಟು ಎರಡು ಇಂಚಿನವರೆಗೆ ಹಿಡಿಸಬಹುದು. ಅದಕ್ಕಿಂತ ಹೆಚ್ಚು ಹಿಡಿಸಿದರೆ ಜೇಬುಗಳು ಬೆನ್ನಿನ ಕಡೆ ಸರಿಯುತ್ತವೆ, ಹಿಂದಿನ ಸೀಳು ಬಾಯಿ ತೆರೆಯುತ್ತದೆ. ಉದ್ದವನ್ನು ಒಂದು ಇಂಚಿಗಿಂತ ಹೆಚ್ಚು ಕತ್ತರಿಸಿದರೆ ಜೇಬು ಕೆಳ ಅಂಚಿಗೆ ಬಂದು ಕೂರುತ್ತದೆ. ತೋಳಿನ ತುದಿಯಲ್ಲಿ ಬರೀ ಅಂದದ ಗುಂಡಿಗಳಿದ್ದರೆ ಕೆಲಸ ಸುಲಭ. ನಿಜವಾದ ಕಾಜಾ ಕತ್ತರಿಸಿದ್ದರೆ ತೋಳನ್ನು ಭುಜದ ಕಡೆಯಿಂದ ಬಿಚ್ಚಿ ಗಿಡ್ಡ ಮಾಡಬೇಕು. ಆಗ 250ಕ್ಕೆ ಆಗುವುದಿಲ್ಲ.

ಭುಜದ ಕೆಲಸವನ್ನು ಒಲ್ಲೆ ಎನ್ನಲು ಕಾರಣವೂ ಇದೇ. ತೋಳು ಬಿಚ್ಚಬೇಕು, ಪ್ಯಾಡ್ ತೆಗೆಯಬೇಕು, ಬಗಲಿನ ಸುತ್ತನ್ನು ಹೊಸದಾಗಿ ಕತ್ತರಿಸಬೇಕು. ತೋಳಿನ ತಲೆ ಆ ಸುತ್ತಿಗಿಂತ ದೊಡ್ಡದಿರುತ್ತದೆ. ಆ ಹೆಚ್ಚಿನ ಬಟ್ಟೆಯನ್ನು ನೆರಿಗೆ ಕಾಣದಂತೆ ಕೈಯಿಂದಲೇ ಒಳಗೆ ಕೂರಿಸಬೇಕು. ಇಷ್ಟು ಮಾಡುವ ಹೊತ್ತಿನಲ್ಲಿ ಹೊಸ ಕೋಟಿನ ಅರ್ಧ ಕೆಲಸ ಮುಗಿದಿರುತ್ತದೆ. ಆದ್ದರಿಂದ ಕೊಳ್ಳುವ ಮುಂಚೆಯೇ ಒಂದು ಪರೀಕ್ಷೆ ಮಾಡಿಕೊಳ್ಳಿ: ಕೋಟು ಹಾಕಿಕೊಂಡು ಗೋಡೆಗೆ ಮಗ್ಗುಲಾಗಿ ಒರಗಿ. ನಿಮ್ಮ ತೋಳಿಗಿಂತ ಮೊದಲು ಪ್ಯಾಡ್ ಗೋಡೆಗೆ ತಾಗಿದರೆ ಭುಜ ದೊಡ್ಡದಾಯಿತು, ಆ ಕೋಟನ್ನು ಅಲ್ಲೇ ಬಿಟ್ಟು ಬನ್ನಿ. ಭುಜ, ಕಾಲರ್ ಸರಿಯಾಗಿ ಕೂತರೆ ಉಳಿದದ್ದನ್ನು ನಮಗೆ ಬಿಡಿ.

ಧಾರವಾಡ ಹೈಕೋರ್ಟ್ ಪೀಠದ ವಕೀಲ ಮಿತ್ರರು ಗಾಬರಿಯಾಗಬೇಕಿಲ್ಲ. ದಿನವೂ ತೊಡುವ ಕರಿ ಕೋಟಿನ ಬಗಲ ಅಸ್ತರು ಬೆವರಿಗೆ ಜೀರ್ಣವಾಗುವುದು ಸಹಜ. ಆ ದುರಸ್ತಿಗೆ, ಕೋಟು ಎಲ್ಲಿ ಕೊಂಡದ್ದೇ ಆಗಿರಲಿ, ಹಳೆಯ ದರವೇ ಇದೆ. ಶನಿವಾರ ಕೊಟ್ಟರೆ ಸೋಮವಾರ ಬೆಳಿಗ್ಗೆ ಕೈಗೆ ಕೊಡುತ್ತೇವೆ. ಕ್ಯಾಂಪಸ್ ಸಂದರ್ಶನಕ್ಕೆ ಅಣ್ಣನ ಕೋಟನ್ನೋ ಮಾವನ ಕೋಟನ್ನೋ ತರುವ ವಿದ್ಯಾರ್ಥಿಗಳು ಕಾಲೇಜಿನ ಗುರುತಿನ ಚೀಟಿ ತೋರಿಸಿ, ಏನಾದರೂ ಕಡಿಮೆ ಮಾಡೋಣ. ಇದನ್ನು ಫಲಕದಲ್ಲಿ ಬರೆಯುವುದಿಲ್ಲ, ಇಲ್ಲಿ ಬರೆದಿದ್ದೇವೆ ಅಷ್ಟೆ.

ಬೇರೆಡೆ ಅರ್ಧ ದರಕ್ಕೆ, ಅರ್ಧ ಗಂಟೆಯಲ್ಲಿ ಮಾಡುತ್ತಾರೆ ಎಂಬುದೂ ನಮಗೆ ಗೊತ್ತು. ಅಲ್ಲಿಗೆ ಹೋಗಬೇಡಿ ಎನ್ನುವುದಿಲ್ಲ. ಅಸ್ತರನ್ನೂ ಬಟ್ಟೆಯನ್ನೂ ಒಟ್ಟಿಗೆ ಹಿಡಿದು ಹೊಲಿದ ಅಂಥ ಕೋಟುಗಳು ಕೊನೆಗೆ ಬಂದು ನಮ್ಮ ಮೇಜಿನ ಮೇಲೆಯೇ ಬೀಳುತ್ತವೆ, ಬಿಚ್ಚುವ ಮಜೂರಿ ಬೇರೆ ಆಗುತ್ತದೆ.

ತುಳಸಿ ಲಗ್ನ ಮುಗಿದರೆ ಮದುವೆಗಳ ಹಂಗಾಮು. ಮದುವೆಗೆ ಹದಿನೈದು ದಿನ ಮೊದಲೇ ಕೋಟು ತನ್ನಿ. ಬರುವಾಗ ಅಂದು ಹಾಕುವ ಶರ್ಟನ್ನೇ ಹಾಕಿಕೊಂಡು ಬನ್ನಿ, ಕೋಟಿನ ತೋಳಿನಿಂದ ಶರ್ಟಿನ ಕಫ್ ಅರ್ಧ ಇಂಚು ಹೊರಗೆ ಕಾಣಬೇಕು. ಟೀ ಶರ್ಟಿನ ಮೇಲೆ ಅದನ್ನು ಅಳೆಯಲಾಗದು. ಟ್ರಯಲ್ ನೋಡಲು ಭಾನುವಾರ ಮಧ್ಯಾಹ್ನ ಎರಡರವರೆಗೂ ಅಂಗಡಿ ತೆರೆದಿರುತ್ತದೆ.

ನಿಮ್ಮ ವಿಶ್ವಾಸದ,
ಅಂಗಡಿಯ ಎಲ್ಲರ ಪರವಾಗಿ
ದುರ್ಗದಬೈಲ್, ಹುಬ್ಬಳ್ಳಿ